ಒಂಬತ್ತು ಅಂಕಿಯ ರೇಜರು

ಆಗೆಲ್ಲ ಸಿರುಗುಪ್ಪದಲ್ಲಿ ಯಾರ ಮನೆಗಾದರೂ ದಾರಿ ಕೇಳಿದರೆ ಓಣಿಯ ಹೆಸರು ಹೇಳುತ್ತಿರಲಿಲ್ಲ, ಯಾವ ರೈಸ್ ಮಿಲ್ಲಿನ ಹಿಂದೆ ಎಂದು ಹೇಳುತ್ತಿದ್ದರು. ನಮ್ಮದಂತೂ ಮಿಲ್ಲಿನ ಬೆನ್ನಿಗೇ ಅಂಟಿಕೊಂಡ ಮನೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಿಸಿ ತೌಡಿನ ವಾಸನೆ ಮೂಗಿಗೆ ಬರುತ್ತಿತ್ತು. ನನ್ನ ಸಾಲೆಯ ಪುಸ್ತಕ, ತಲೆದಿಂಬು, ಅವ್ವನ ವಿಭೂತಿ ಗಟ್ಟಿ, ಎಲ್ಲದರ ಮೇಲೂ ಸಣ್ಣ ಹೊಟ್ಟಿನ ಧೂಳು. ಭತ್ತ ಒಣಹಾಕುವ ಸಿಮೆಂಟಿನ ಕಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುತ್ತಿದ್ದೆವು. ಅಂಗಾಲಿಗೆ ಭತ್ತದ ಮೊನೆ ಚುಚ್ಚಿದ್ದು ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು. ಹಮಾಲರು ‘ಏ ಹುಡುಗ್ಯಾರ್ರಾ, ಭತ್ತ ತುಳೀತೀರಿ, ಹೊಂಡ್ರಿ’ ಎಂದು ಗದರಿದರೆ ಓಡಿಹೋಗಿ, ಅವರು ಬೆನ್ನು ತಿರುಗಿಸಿದ ಮೇಲೆ ಮತ್ತೆ ಬರುತ್ತಿದ್ದೆವು.

ಅಪ್ಪ ಆ ಮಿಲ್ಲಿನಲ್ಲಿ ಮಶಿನ್ ನೋಡಿಕೊಳ್ಳುತ್ತಿದ್ದ. ಎರಡು ರಬ್ಬರಿನ ರೋಲುಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ, ನಡುವಿನ ಸಂದಿಯಲ್ಲಿ ಭತ್ತ ಬಿದ್ದು ಸಿಪ್ಪೆ ಬಿಡುತ್ತದೆ. ಪಕ್ಕದಲ್ಲೊಂದು ಕಬ್ಬಿಣದ ಚಕ್ರ. ಅದನ್ನು ಬಿಗಿ ಮಾಡಿದರೆ ರೋಲುಗಳು ಹತ್ತಿರ ಬಂದು ಅಕ್ಕಿ ನುಚ್ಚಾಗುತ್ತದೆ. ಸಡಿಲ ಬಿಟ್ಟರೆ ಅಕ್ಕಿ ಇಡಿಯಾಗಿ ಬರುತ್ತದೆ. ಅಪ್ಪ ಅಂಗೈ ಮೇಲೆ ನಾಲ್ಕು ಕಾಳು ಹಾಕಿಕೊಂಡು ನನಗೆ ತೋರಿಸುತ್ತಿದ್ದ: “ನೋಡವ್ವಾ ಗಂಗಿ, ಸಂದು ಬಿಟ್ಟಷ್ಟು ಕಾಳಿಗೆ ಸುಖ.” ಈ ಒಂದು ಮಾತಿನಿಂದ ಅವನು ಇಡೀ ಲೋಕವನ್ನೇ ಅಳೆಯುತ್ತಿದ್ದ. ಸೈಕಲ್ಲಿನ ಬ್ರೇಕು, ನೀರಿನ ನಲ್ಲಿ, ಅವ್ವನ ಸಿಟ್ಟು, ಎಲ್ಲಕ್ಕೂ ಅವನ ಮದ್ದು ಒಂದೇ, ಸ್ವಲ್ಪ ಸಡಿಲ ಬಿಡುವುದು. ಅವ್ವನ ಸಿಟ್ಟಿಗೆ ಮಾತ್ರ ಆ ಮದ್ದು ಹತ್ತುತ್ತಿರಲಿಲ್ಲ ಅನ್ನಿ.

ನಾನು ಸಾಲೆಯಲ್ಲಿ ಐದನೇತ್ತಿಯಲ್ಲಿದ್ದಾಗ ಆ ರೇಜರು ಮನೆಗೆ ಬಂತು. ತಂದವನು ಮಾವ, ಅವ್ವನ ತಮ್ಮ. ಸಿರುಗುಪ್ಪದ ಅಕ್ಕಿ ಮೂಟೆಗಳನ್ನು ಲಾರಿಯಲ್ಲಿ ಬೊಂಬಾಯಿಗೆ ಹೊಡೆಯುತ್ತಿದ್ದ. ಬರುವಾಗ ಅಲ್ಲಿನ ಹಳೆ ಸಾಮಾನಿನ ಬಜಾರಿನಿಂದ ಏನಾದರೊಂದು ತರುತ್ತಿದ್ದ. ನಡೆಯದ ಗಡಿಯಾರ, ಕಿವಿ ಇಲ್ಲದ ಚಹಾ ಕಪ್ಪು, ಹೀಗೆ. ಅವ್ವ ಪ್ರತಿಸಲ ಮೂಗು ಮುರಿದು ಟ್ರಂಕಿಗೆ ಹಾಕುತ್ತಿದ್ದಳು. ಈ ಸಲ ತಂದದ್ದು ತೂಕದ, ಬೆಳ್ಳಿಯಂತೆ ಹೊಳೆಯುವ ರೇಜರು. ಹಿಡಿಯ ತಳದ ತಿರುಪು ತಿರುಗಿಸಿದರೆ ತಲೆಯ ಮೇಲೆ ಎರಡು ಪುಟ್ಟ ಬಾಗಿಲು ತೆರೆದುಕೊಳ್ಳುತ್ತಿದ್ದವು. ಬ್ಲೇಡು ಮಲಗಿಸಿ ಮತ್ತೆ ತಿರುಗಿಸಿದರೆ ಬಾಗಿಲು ಮುಚ್ಚುತ್ತಿದ್ದವು. ಅದಕ್ಕಿಂತ ಹೆಚ್ಚಿನ ಬೆರಗು ಅದರ ಕುತ್ತಿಗೆ. ಅಲ್ಲೊಂದು ಬಳೆ. ಬಳೆಯ ಸುತ್ತ ಒಂದರಿಂದ ಒಂಬತ್ತರವರೆಗೆ ಅಂಕಿ. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು.

“ಇವು ಯಾಕಲೇ ನಂಬರು?” ಎಂದ ಅಪ್ಪ.

“ನನಗೇನ್ ಗೊತ್ತು ಭಾವ? ಮಾರಿದಾಂವಗೂ ಗೊತ್ತಿಲ್ಲ,” ಎಂದ ಮಾವ.

ಅವ್ವ ಒಲೆಯ ಮುಂದಿನಿಂದಲೇ, “ಒಂಬತ್ತು ಅಂದ್ರ ನವಗ್ರಹ ಇರಬೇಕು ತಗಿ, ಯಾವ ಗ್ರಹಕ್ಕ ಯಾವಾಗ ಬೋಳಿಸಬೇಕಂತ,” ಎಂದಳು. ನಾನು ಬಹಳ ದಿನ ಅದನ್ನೇ ನಂಬಿದ್ದೆ. ಅಪ್ಪ ನಕ್ಕು ಅದನ್ನು ಟ್ರಂಕಿನಲ್ಲಿಟ್ಟ. ಅವನು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ವಾರಕ್ಕೊಮ್ಮೆ ಗಡ್ಡ ಮಾಡಿಸಿಕೊಳ್ಳುವವ. ಶ್ರಾವಣ ಬಂತೆಂದರೆ ಅದೂ ಇಲ್ಲ. ನಮ್ಮಲ್ಲಿ ಗಂಡಸರು ಆ ತಿಂಗಳು ಮುಖಕ್ಕೆ ಕತ್ತಿ ಮುಟ್ಟಿಸುತ್ತಿರಲಿಲ್ಲ. ಇಡೀ ಓಣಿ ಗಡ್ಡ ಬಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿತ್ತು.

ಆ ವರ್ಷದ ಶ್ರಾವಣ ಮುಗಿದ ಮೇಲೆ ಒಂದು ದಿನ ಕುರುಗೋಡಿನ ಕಡೆಯ ಬಸ್ಸಿನ ಕಂಡಕ್ಟರ್ ಮಿಲ್ಲಿನ ಗೇಟಿಗೆ ಬಂದು ಅಪ್ಪನನ್ನು ಕರೆದ. “ನಿಮ್ಮ ಅಕ್ಕ ಹೇಳಿ ಕಳಿಸ್ಯಾಳ. ನಿಮ್ಮ ಅಪ್ಪಗ ಲಕ್ವಾ ಹೊಡದೈತಂತ. ಬರಬೇಕಂತ.”

ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪನಿಗೆ ಒಬ್ಬ ಅಪ್ಪ ಇದ್ದಾನೆಂದು ನನಗೆ ಗೊತ್ತಾದದ್ದೇ ಅವತ್ತು. ರಾತ್ರಿ ಊಟಕ್ಕೆ ಕೂತಾಗ ಅವ್ವನ ಬಾಯಿಂದ ತುಂಡು ತುಂಡಾಗಿ ಕೇಳಿದ್ದು ಇಷ್ಟು: ತಾತನದು ಕುರುಗೋಡಿನಲ್ಲಿ ದೊಡ್ಡ ಕಿರಾಣಿ ಅಂಗಡಿ. ಮಗ ಅಂಗಡಿಯ ಗದ್ದುಗೆಯಲ್ಲಿ ಕೂಡಬೇಕೆಂದು ಅವನ ಹಟ. ಅಪ್ಪನಿಗೆ ತಕ್ಕಡಿಯ ಮುಂದೆ ಕೂಡುವುದೆಂದರೆ ಆಗದು, ಮಶಿನ್ನಿನ ಹುಚ್ಚು. ಸಿರುಗುಪ್ಪದ ಮಿಲ್ಲಿಗೆ ಸೇರಿದ ದಿನ ತಾತ ಬಾಗಿಲಲ್ಲಿ ನಿಂತು, “ಸಾವ್ಕಾರನ ಮಗ ಆಗಿ ಕೂಲಿಗೆ ಹೋಗ್ತೀ? ಹೋಗು. ನನ್ನ ಸತ್ತ ಮಾರಿನೂ ನೋಡಾಕ ಬರಬ್ಯಾಡ,” ಎಂದಿದ್ದ. ಅಪ್ಪ ಹೋಗಿರಲಿಲ್ಲ. ಮದುವೆಗೆ ಕರೆದರೂ ತಾತ ಬರಲಿಲ್ಲ, ನಾನು ಹುಟ್ಟಿದೆನೆಂದು ಹೇಳಿ ಕಳಿಸಿದರೂ ಬರಲಿಲ್ಲ.

“ಈಗ್ಯಾಕ ಕರೀತಾರ?” ಎಂದಳು ಅವ್ವ.

ಅಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದ: “ಗಡ್ಡಕ್ಕ.”

ಕಂಡಕ್ಟರ್ ಹೇಳಿದ್ದು ಹೀಗೆ. ತಾತನಿಗೆ ಲಕ್ವ ಹೊಡೆದು ಮುಖದ ಒಂದು ಕಡೆ ಜೋತುಬಿದ್ದಿದೆ, ತಲೆ ಸದಾ ಅಲ್ಲಾಡುತ್ತದೆ. ಅವನಿಗೆ ಜೀವಮಾನವಿಡೀ ಗಡ್ಡ ಮಾಡಿದ ಹನುಮಂತಪ್ಪ ಹಿಂದಿನ ವರ್ಷವೇ ತೀರಿಕೊಂಡಿದ್ದ. ಅವನ ಮಗ ಬಳ್ಳಾರಿಯಲ್ಲಿ ಅಂಗಡಿ ಇಟ್ಟಿದ್ದ. ಬೇರೆ ಯಾರನ್ನೋ ಕರೆಸಿದರೆ ತಲೆ ಅಲ್ಲಾಡಿ ಕೆನ್ನೆ ಕೊಯ್ದುಹೋಯಿತು. ಅಂದಿನಿಂದ ಕತ್ತಿ ಕಂಡರೆ ತಾತ ಚೀರುತ್ತಾನೆ. ಆದರೆ ಗಡ್ಡ ಬೆಳೆಯುವುದೂ ಬೇಡವೆಂದು ಅಳುತ್ತಾನೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ, ವಿಭೂತಿ ಹಚ್ಚಿ ಹೂ ಹಾಕುತ್ತಾರೆ, ಊರೆಲ್ಲ ಬಂದು ಮುಖ ನೋಡುತ್ತದೆ. “ಹಿಂಗ ಸತ್ರ ಹಿಂಗ ಭಿಕ್ಷುಕನಂಗ ಕುಂದ್ರಿಸ್ತೀರೇನು?” ಎಂದು ತಾತ ಅತ್ತೆಯನ್ನು ದಿನವೂ ಕೇಳುತ್ತಿದ್ದನಂತೆ. ಅತ್ತೆ ಎಂದರೆ ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದವಳು.

ಅಪ್ಪ ಟ್ರಂಕು ತೆಗೆದ.

ಮರುದಿನದಿಂದ ನಮ್ಮ ಹಿತ್ತಲಿನಲ್ಲಿ ನಡೆದದ್ದನ್ನು ನೋಡಿದ್ದರೆ ನೀವೂ ಗಾಬರಿಯಾಗುತ್ತಿದ್ದಿರಿ. ಅಪ್ಪ ಮೊದಲು ತನ್ನ ಮುಖದ ಮೇಲೆ ಕೈ ಪಳಗಿಸಿಕೊಳ್ಳಲು ಕೂತ. ಬಳೆ ತಿರುಗಿಸಿದಾಗ ಬ್ಲೇಡಿನ ಕೆಳಗಿನ ತಟ್ಟೆ ಕೂದಲೆಳೆಯಷ್ಟು ಕೆಳಗಿಳಿಯುವುದನ್ನು ಅವನು ನೋಡಿದ್ದ. ಒಂದರಲ್ಲಿ ಬ್ಲೇಡೂ ತಟ್ಟೆಯೂ ಒತ್ತಿಕೊಂಡಿರುತ್ತವೆ, ಒಂಬತ್ತರಲ್ಲಿ ಸಂದು ಅಗಲ. ಅವನ ಕಣ್ಣು ಮಿನುಗಿತು. “ಏ ಇದು ನಮ್ಮ ರೋಲ್ ಇದ್ದಂಗ ಐತಲೇ! ಸಂದು ಬಿಟ್ಟಷ್ಟು ಸುಖ.” ಮುದುಕನ ಮೆತ್ತಗಿನ ಚರ್ಮಕ್ಕೆ ಒಂಬತ್ತೇ ಸರಿ ಎಂದು ಒಂಬತ್ತಕ್ಕೆ ಇಟ್ಟು ಎಳೆದ. ಕೆನ್ನೆಯಿಂದ ಗದ್ದದವರೆಗೆ ರಕ್ತ ಇಳಿಯಿತು.

“ಅಯ್ಯಯ್ಯೋ!” ಎಂದು ಅವ್ವ ಓಡಿಬಂದಳು.

ಅಪ್ಪ ರಕ್ತ ಒರೆಸಿಕೊಂಡು ರೇಜರನ್ನು ಹಿಂದೆ ಮುಂದೆ ನೋಡಿದ. ಬ್ಲೇಡು ಹಳೆಯದಿರಬೇಕೆಂದು ಬ್ಲೇಡು ಬದಲಿಸಿದ. ಮರುದಿನ ಎಂಟು. ಮತ್ತೆ ರಕ್ತ. ಸೋಪು ಕಡಿಮೆಯಾಯಿತೆಂದು ಸೋಪು ಹೆಚ್ಚಿಸಿದ. ಅವನ ಮುಖದ ತುಂಬ ನಾನು ಹರಿದುಕೊಟ್ಟ ಪೇಪರಿನ ಚೂರುಗಳು. ಮಿಲ್ಲಿನಲ್ಲಿ ಹಮಾಲರು ‘ಬೆಕ್ಕು ಪರಚೈತೇನ್ರಿ?’ ಎಂದು ಕೇಳಿ ನಮ್ಮ ಮನೆಯ ಕಡೆ ನೋಡಿ ನಗುತ್ತಿದ್ದರು. ಅಪ್ಪನಿಗೆ ನಗು ಬರಲಿಲ್ಲ. ಮಶಿನ್ನೊಂದು ತನಗೆ ಅರ್ಥವಾಗದೆ ಹೋದದ್ದು ಅದೇ ಮೊದಲು. ಎರಡು ದಿನ ಅವನು ಸರಿಯಾಗಿ ಉಣ್ಣಲಿಲ್ಲ. “ಸಂದು ಬಿಟ್ಟೀನಿ, ಕೊಯ್ಯತೈತಿ. ಹೆಂಗ?” ಎಂದು ನನ್ನನ್ನು ಕೇಳುತ್ತಿದ್ದ. ಐದನೇತ್ತಿಯ ಹುಡುಗಿ ಏನು ಹೇಳಬೇಕು? ನಾನು ನವಗ್ರಹದ ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ಅವ್ವನೇ ತಾಳ್ಮೆಗೆಟ್ಟು ಹೇಳಿದಳು: “ಅದು ಮಿಲ್ ಅಲ್ರಿ, ಮಾರಿ! ಮಾರಿ ಏನು ಸಂದಿನಾಗಿಂದ ಆಕಡೆ ಉದುರಿ ಹೋಗತೈತೇನು?”

ಅಪ್ಪ ಸೋಪಿನ ಬ್ರಷ್ಷು ಕೆಳಗಿಟ್ಟ. ಆಮೇಲೆ ತನ್ನ ಹೆಬ್ಬೆರಳಿನ ಮೆತ್ತನೆಯ ಭಾಗವನ್ನು, ಬ್ಲೇಡು ತೆಗೆದ ರೇಜರಿನ ಅಂಚಿಗೆ ಒತ್ತಿ ನೋಡಿದ. ಸಂದು ಅಗಲವಿದ್ದಾಗ ಚರ್ಮ ಉಬ್ಬಿ ಅದರೊಳಕ್ಕೆ ಹೋಗುತ್ತಿತ್ತು. ಕಿರಿದಿದ್ದಾಗ ಹೊರಗೇ ನಿಲ್ಲುತ್ತಿತ್ತು. ಭತ್ತ ಸಂದಿಯಿಂದ ಪಾರಾಗಿ ಹೋಗುತ್ತದೆ, ಕೆನ್ನೆ ಎಲ್ಲಿಗೂ ಹೋಗುವುದಿಲ್ಲ. ಅಪ್ಪ ಅದನ್ನು ಒಪ್ಪಿದ, ಆದರೆ ಅವನ ಬಾಯಿ ಒಪ್ಪಲಿಲ್ಲ. ಮೆತ್ತಗೆ ಎನ್ನುವುದಕ್ಕೆ ಸಡಿಲ ಎಂದೇ ಅನ್ನುತ್ತಿದ್ದ, ಕೈ ಬಳೆಯನ್ನು ಒಂಬತ್ತರ ಕಡೆಗೇ ಒಯ್ಯುತ್ತಿತ್ತು. ಕೊನೆಗೆ ಸಡಿಲ ಬಿಗಿ ಎನ್ನುವುದನ್ನೇ ಬಿಟ್ಟು ಬರೀ ಅಂಕಿ ಹೇಳಲು ಕಲಿತ.

ಮೊದಲ ಸಲ ಅವನೊಬ್ಬನೇ ಕುರುಗೋಡಿಗೆ ಹೋದ. ಸಂಜೆ ತಿರುಗಿ ಬಂದು ಹೊಸ್ತಿಲ ಮೇಲೆ ಕೂತ. ಹೆಗಲ ಟವೆಲಿನ ಮೂಲೆಯಲ್ಲಿ ಏನೋ ಗಂಟು. ಅವ್ವ ನೀರು ಕೊಟ್ಟು ಎದುರಿಗೇ ನಿಂತಳು.

“ಒಳಗ ಕರದ್ನೇನು?”

“ಹಿತ್ತಲಕ ಕರದ.”

“ಏನಂದ?”

“ಹನುಮಂತಾ, ಎಷ್ಟು ದಿನಾತಲೇ ಬಂದು, ಅಂದ.”

“ಯಾವ ಹನುಮಂತ?”

“ಸತ್ತ ಹನುಮಂತಪ್ಪ. ಗಡ್ಡ ಮಾಡಾಂವ.”

ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ನೀವೇನಂದ್ರಿ ಮತ್ತ?”

“ಏನನ್ಲಿ? ಬಂದೀನ್ರಿ ಸಾವ್ಕಾರ್ರ, ಅಂದೆ.”

ರೇಜರು ಕತ್ತಿಯಂತೆ ಕಾಣದ್ದರಿಂದಲೋ ಏನೋ, ತಾತ ಚೀರಲಿಲ್ಲವಂತೆ. ಗಡ್ಡ ಮುಗಿದ ಮೇಲೆ, ‘ಹನುಮಂತಗ ಕಾಳು ಹಾಕು’ ಎಂದು ಅತ್ತೆಗೆ ಕೂಗಿ ಹೇಳಿದನಂತೆ. ಗಡ್ಡ ಮಾಡುವವರಿಗೆ ಮನೆಯವರು ಕಾಳು ಕೊಡುವುದು ಅಲ್ಲಿನ ರೂಢಿ. ಅದಕ್ಕೆ ಆಯ ಎನ್ನುತ್ತಾರೆ. ಅತ್ತೆ ಅಳುತ್ತ ತಮ್ಮನ ಟವೆಲಿಗೆ ಜೋಳ ಹಾಕಿದ್ದಳು. ಅವನು ಕಟ್ಟಿಕೊಂಡು ಬಂದಿದ್ದ.

ಅವ್ವ ಗಂಟು ಬಿಚ್ಚಿ ಕಾಳನ್ನು ನೋಡುತ್ತ ನಿಂತಳು. ನಗು ಬಂತೋ ಅಳು ಬಂತೋ ನನಗೆ ಗೊತ್ತಾಗಲಿಲ್ಲ. “ಇಷ್ಟು ವರ್ಷಕ್ಕ ನಿಮ್ಮ ಪಾಲು ಬಂತು ಬಿಡ್ರಿ,” ಎಂದು ಒಳಗೆ ಹೋದಳು. ಆ ಕಾಳನ್ನು ಬೀಸಿ ರೊಟ್ಟಿ ಮಾಡಿದಳು. ಅಪ್ಪ ತಿಂದ. ನಾನೂ ತಿಂದೆ, ಎಲ್ಲ ರೊಟ್ಟಿಯಂತೆಯೇ ಇತ್ತು.

ದಸರಾ ರಜೆ ಬಂದಾಗ ನಾನು ಹಟ ಹಿಡಿದೆ. ಗೆಳತಿಯರೆಲ್ಲ ತಾತನ ಊರಿಗೆ ಹೋಗುತ್ತಾರೆ, ನನಗೂ ತಾತ ಇದ್ದಾನೆ, ನಾನೂ ಹೋಗಬೇಕು. ಅಪ್ಪ ಒಂದು ಷರತ್ತು ಹಾಕಿದ.

“ಅಲ್ಲಿ ತಾತಾ ಅನ್ನಬಾರ್ದು. ಸಾವ್ಕಾರ್ರ ಅನ್ನಬೇಕು.”

“ಯಾಕ? ಅವ್ರು ನನ್ನ ತಾತ ಅಲ್ಲೇನು?”

“ಹೌದವ್ವಾ. ಆದ್ರ ನಾನು ಅವರ ಮಗ ಅಲ್ಲ ಈಗ. ಗೊತ್ತಾದ್ರ ಗಡ್ಡ ಮಾಡಿಸ್ಕೊಳ್ಳಂಗಿಲ್ಲ.”

ಬಸ್ಸಿನುದ್ದಕ್ಕೂ ನಾನು ಇದನ್ನು ಬಿಡಿಸಲು ನೋಡಿದೆ. ಅವನು ನನ್ನ ತಾತ. ಅಪ್ಪ ಅವನ ಮಗನಲ್ಲ. ಅಪ್ಪ ನನ್ನ ಅಪ್ಪ. ಹಾಗಾದರೆ ನಾನು ಯಾರು? ಕಾಲುವೆಯ ಗದ್ದೆಗಳು ಮುಗಿದು ಬಂಡೆಗುಡ್ಡಗಳು ಶುರುವಾದರೂ ಲೆಕ್ಕ ಕೂಡಲಿಲ್ಲ. ಅಪ್ಪ ಪಕ್ಕದಲ್ಲಿ ರೇಜರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನಾನು ‘ಸಾವ್ಕಾರ್ರ, ಸಾವ್ಕಾರ್ರ’ ಎಂದು ತುಟಿಯಲ್ಲೇ ಬಾಯಿಪಾಠ ಮಾಡಿದೆ.

ದೊಡ್ಡ ಬಾಗಿಲಿದ್ದ ಆ ಮನೆಯ ಮುಂದೆ ನಿಲ್ಲದೆ ಅಪ್ಪ ಸುತ್ತುಹಾಕಿ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋದ. ಹಿತ್ತಲ ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದಳು. ನನ್ನನ್ನು ನೋಡಿದ್ದೇ ಎಳೆದು ಅಪ್ಪಿಕೊಂಡು ತಲೆ ನೇವರಿಸಿದಳು. ಆಮೇಲೆ ಕಿಟಕಿಯ ಕಡೆ ನೋಡಿ ಥಟ್ಟನೆ ಬಿಟ್ಟಳು. “ಒಳಗ ಕರಕೊಂಡು ಹೋಗಾಕ ಬರಂಗಿಲ್ಲ ಕೂಸ. ನಮ್ಮಪ್ಪ ಕಿಟಕ್ಯಾಗಿಂದ ನೋಡ್ತಾನ,” ಎಂದಳು. ಗಡ್ಡ ಮಾಡುವವರು ಹಿತ್ತಲಿನಲ್ಲೇ ಇರಬೇಕು, ಅಲ್ಲಿಂದಲೇ ಹೋಗಬೇಕು. ಅಪ್ಪ ಹುಟ್ಟಿದ ಮನೆ ಅದು. ಆ ವರ್ಷವೆಲ್ಲ ಅವನು ಅದರ ಹಿತ್ತಲನ್ನಷ್ಟೇ ತುಳಿದ.

ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ತಾತನನ್ನು ತಂದು ಕೂಡಿಸಿದರು. ನಾನು ಕಣ್ಣು ಬಾಯಿ ಬಿಟ್ಟು ನೋಡಿದೆ. ಅರ್ಧ ಮುಖ ಅಪ್ಪನದೇ! ಅದೇ ಮೂಗು, ಅದೇ ಹುಬ್ಬು. ಇನ್ನರ್ಧ ಮಾತ್ರ ಕರಗಿ ಕೆಳಗೆ ಜಾರಿದಂತೆ. ಭಯವಾಯಿತು, ಜೊತೆಗೆ ಹೋಗಿ ಮುಟ್ಟಬೇಕೆಂದೂ ಅನಿಸಿತು.

“ಯಾರಲೇ ಇದು ಕೂಸು?” ತಾತನ ಮಾತು ಒಂದೇ ಕಡೆಯ ತುಟಿಯಿಂದ ತೊದಲಿ ಬರುತ್ತಿತ್ತು.

“ನನ್ನ ಮಗಳ್ರಿ.”

“ಹೆಸರೇನವ್ವಾ?”

“ಗಂಗಮ್ಮ್ರಿ ಸಾವ್ಕಾರ್ರ,” ಎಂದೆ. ಗಂಗಮ್ಮ ತಾತನ ಹೆಂಡತಿಯ, ನನ್ನ ಅಜ್ಜಿಯ ಹೆಸರೂ ಹೌದು ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡಳು. ತಾತ ತಲೆ ಅಲ್ಲಾಡಿಸಿದ. ಅವನ ತಲೆ ಯಾವಾಗಲೂ ಅಲ್ಲಾಡುತ್ತಲೇ ಇತ್ತು, ಹಾಗಾಗಿ ಅದರ ಅರ್ಥ ಯಾರಿಗೂ ಆಗಲಿಲ್ಲ.

ಅಪ್ಪ ಬಿಸಿನೀರಿನ ಬಟ್ಟೆ ಮುಖದ ಮೇಲಿಟ್ಟ. ಸೋಪು ಹಚ್ಚಿದ. ಎಡಗೈಯಲ್ಲಿ ತಾತನ ಗದ್ದವನ್ನು ಹಿಡಿದು, ತಲೆ ಅಲ್ಲಾಡಿದಂತೆ ತನ್ನ ಕೈಯನ್ನೂ ಅಲ್ಲಾಡಿಸುತ್ತ, ನಡುವೆ ಸಿಕ್ಕ ಕ್ಷಣದಲ್ಲಿ ರೇಜರನ್ನು ಸಣ್ಣಗೆ ಎಳೆಯುತ್ತಿದ್ದ. ಜೋತುಬಿದ್ದ ಕೆನ್ನೆಗೆ ಒಂದು. ಚೆನ್ನಾಗಿದ್ದ ಕೆನ್ನೆಯ ಗಡ್ಡ ಒರಟು, ಅದಕ್ಕೆ ಮೂರು. ಅವನ ಬೆರಳು ಸೋಪಿನಿಂದ ಜಾರುತ್ತಿದ್ದುದರಿಂದ ಬಳೆ ತಿರುಗಿಸುವ ಕೆಲಸ ನನ್ನದಾಯಿತು. “ಒಂದು,” ಎನ್ನುತ್ತಿದ್ದ. ಟಿಕ್ ಟಿಕ್. “ಮೂರು.” ಟಿಕ್ ಟಿಕ್. ತಾತ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ. ಸೋಪಿನ ವಾಸನೆ, ಬೇವಿನ ಎಲೆಯ ವಾಸನೆ, ಒಳಗೆ ಅತ್ತೆ ಹುರಿಯುತ್ತಿದ್ದ ಶೇಂಗಾದ ವಾಸನೆ. ನನಗೆ ಬಹಳ ಖುಷಿಯಾಗಿತ್ತು. ಸುಳ್ಳು ಹೇಳುತ್ತಿದ್ದೇವೋ, ಆಟ ಆಡುತ್ತಿದ್ದೇವೋ, ತಿಳಿಯುತ್ತಿರಲಿಲ್ಲ.

ಗಡ್ಡ ಅರ್ಧವಾಗಿದ್ದಾಗ ಅಪ್ಪ ಸಹಜವಾಗಿ ಎಂಬಂತೆ ಕೇಳಿದ: “ಮಕ್ಕಳು ಎಷ್ಟು ಮಂದಿರಿ ಸಾವ್ಕಾರ್ರ?”

“ಒಬ್ಬಾಕಿ. ಒಳಗ ಅದಾಳಲ್ಲ, ಆಕಿ.”

ಅಪ್ಪನ ಕೈ ನಿಂತಿತು. ತಾತನ ತಲೆ ಮಾತ್ರ ಆ ಕೈಯೊಳಗೆ ಅಲ್ಲಾಡುತ್ತಿತ್ತು. “ಅಪ್ಪಾ, ಮೂರಕ್ಕ ಇಡಲೇನು?” ಎಂದು ನಾನು ಕೇಳಿದೆ. ಅವನು ನನ್ನ ಕಡೆ ನೋಡದೆ ಹೂಂ ಎಂದ.

ಮಗನನ್ನು ಮರೆತಿದ್ದನೋ, ಬೇಕೆಂದೇ ಲೆಕ್ಕದಿಂದ ಬಿಟ್ಟಿದ್ದನೋ? ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಇದನ್ನೇ ಯೋಚಿಸುತ್ತಿದ್ದನೆಂದು ಕಾಣುತ್ತದೆ. “ಮರ್ತಿರಬೇಕು, ಅಲ್ಲೇನವ್ವಾ?” ಎಂದು ನನ್ನನ್ನು ಕೇಳಿದ. ನಾನು ಹೌದು ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಮಗಳು ನೆನಪದಾಳ, ನನ್ನ ಹೆಂಗ ಮರೀತಾನ?” ಎಂದ. ಅದಕ್ಕೂ ಹೌದು ಎಂದೆ. ಟವೆಲಿನ ಗಂಟಿನ ಜೋಳ ನನ್ನ ತೊಡೆಯ ಮೇಲಿತ್ತು. ಅತ್ತೆ ಕದ್ದು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿದ್ದವು.

ಅಲ್ಲಿಂದ ಮುಂದೆ ರಜೆಯ ದಿನವೆಂದರೆ ಕುರುಗೋಡು. ದೀಪಾವಳಿ ಕಳೆಯಿತು, ಚಳಿ ಬಂತು, ಹೊಲದಲ್ಲಿ ಕಡಲೆ ಹೂಬಿಟ್ಟಿತು. ಪ್ರತಿಸಲ ಅಪ್ಪ ಆ ಪ್ರಶ್ನೆ ಕೇಳುತ್ತಿದ್ದ, ಪ್ರತಿಸಲ ತಾತ ‘ಒಬ್ಬಾಕಿ’ ಎನ್ನುತ್ತಿದ್ದ. ಕೇಳಬೇಡ ಎಂದು ಅತ್ತೆ ಬೈದಳು. “ಯಾಕ ಹುಣ್ಣು ಕೆರಕೋತಿ? ಸುಮ್ನ ಗಡ್ಡ ಮಾಡಿ ಹೋಗು. ಮಂದಿ ಈಗಾಗ್ಲೇ ಆಡ್ಕೋತಾರ, ಸಾವ್ಕಾರನ ಮಗ ಹಜಾಮತಿ ಮಾಡ್ತಾನಂತ.”

“ಮಂದಿಗೆ ಗೊತ್ತೈತಿ ನಾ ಯಾರಂತ. ಇವನಿಗೇ ಗೊತ್ತಿಲ್ಲ,” ಎಂದ ಅಪ್ಪ. ಟವೆಲಿನಿಂದ ಮೂಗು ಒರೆಸಿಕೊಂಡ. ಅಪ್ಪ ಅಳುವುದೆಂದರೆ ಹೇಗಿರುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ. ಶೀತವಾಗಿದೆ ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ. ತಾತ ಬಹಳ ಇಳಿದುಹೋಗಿದ್ದ. ಕುರ್ಚಿಯಲ್ಲಿ ನಿಲ್ಲದೆ ಜಾರುತ್ತಿದ್ದ, ಅತ್ತೆ ಹಿಂದಿನಿಂದ ಹಿಡಿದುಕೊಂಡಿದ್ದಳು. ಗಡ್ಡ ಮುಗಿಯುವ ಹೊತ್ತಿಗೆ ತಲೆ ಜೋರಾಗಿ ಹೊರಳಿ ಗದ್ದದ ಕೆಳಗೆ ಸಣ್ಣ ಗೀರು ಬಿತ್ತು. ಸಾಸಿವೆಯಷ್ಟು ರಕ್ತ. ಅಪ್ಪ ರಕ್ತ ನಿಲ್ಲಿಸುವ ಪಟಿಕದ ಕಲ್ಲು ಒದ್ದೆ ಮಾಡಿ ಒತ್ತಿದ. “ತಪ್ಪಾತ್ರಿ ಸಾವ್ಕಾರ್ರ,” ಎಂದ.

ತಾತ ಕಣ್ಣು ಬಿಟ್ಟ. ಅಪ್ಪನ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಮುಖ ಒರೆಸುತ್ತಿದ್ದ ಅಪ್ಪನ ಕೈಯನ್ನು ಸರಿಯಿದ್ದ ಕೈಯಿಂದ ಹಿಡಿದುಕೊಂಡ. ಅಪ್ಪ ಬಗ್ಗಿದ. ಆ ಪ್ರಶ್ನೆ ಕೇಳುತ್ತಾನೆಂದು ನಾನು ಕಾದೆ. ಅವನು ಕೇಳಲಿಲ್ಲ.

ಅತ್ತೆ ಎಂದಿನಂತೆ ಮೊರದಲ್ಲಿ ಜೋಳ ತಂದಳು. ಅಪ್ಪ ಟವೆಲು ಹಾಸಿದ.

“ಇವಗ ಕಾಳು ಹಾಕಬ್ಯಾಡ,” ಎಂದ ತಾತ.

ಅತ್ತೆ ಮೊರ ಹಿಡಿದು ನಿಂತಳು. “ಯಾಕಪ್ಪಾ?”

“ಹಾಕಬ್ಯಾಡ ಅಂದ್ರ ಹಾಕಬ್ಯಾಡ.” ಇಷ್ಟು ಹೇಳಿ ಕಣ್ಣು ಮುಚ್ಚಿದ. ಅವನನ್ನು ಒಳಗೆ ಒಯ್ದು ಮಲಗಿಸಿದರು.

ಅವತ್ತು ಬರಿ ಟವೆಲು ಹೆಗಲ ಮೇಲೆ ಹಾಕಿಕೊಂಡು ಅಪ್ಪ ಬಸ್ ಸ್ಟ್ಯಾಂಡಿನವರೆಗೆ ನಡೆದ ರೀತಿ! ನಾನು ಓಡಿ ಓಡಿ ಹಿಂಬಾಲಿಸಿದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದ, ಬೇಕೇ ಎಂದು ಕೇಳದೆ ಇನ್ನೊಂದು ತಟ್ಟೆಯನ್ನೂ ಕೊಡಿಸಿದ. ತಾನು ತಿನ್ನಲಿಲ್ಲ. ಕಾಳು ಸಿಗದ್ದಕ್ಕೆ ಇಷ್ಟು ಹಿಗ್ಗುವ ಮನುಷ್ಯನನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಅವ್ವ, “ಯಾಕ, ಇವತ್ತ ಬರಿಗೈಲೆ ಬಂದ್ರಿ?” ಎಂದಾಗ ಅವನು ಹೇಳಿದ: “ಹೊರಗಿನವರಿಗೆ ಕೊಡ್ತಾರ ಕಾಳು. ಮನಿ ಮಗಗ ಯಾರರ ಕೊಡ್ತಾರೇನು?” ಹೇಳಿ ಗೋಡೆಗೆ ಮುಖ ಮಾಡಿ ಅತ್ತ. ಈ ಸಲ ಶೀತವಲ್ಲ ಎಂದು ನನಗೆ ಗೊತ್ತಾಯಿತು.

ಮುಂದಿನ ರಜೆಯ ದಿನ ಬರುವ ಮೊದಲೇ ಅದೇ ಕಂಡಕ್ಟರ್ ಮತ್ತೆ ಗೇಟಿಗೆ ಬಂದ.

ಈ ಸಲ ನಾವು ಮೂವರೂ ಮುಂದಿನ ಬಾಗಿಲಿನಿಂದ ಒಳಗೆ ಹೋದೆವು. ತಾತನನ್ನು ಇನ್ನೂ ಕೂಡಿಸಿರಲಿಲ್ಲ. ಅಪ್ಪ ಯಾರನ್ನೂ ಕೇಳದೆ ಬಿಸಿನೀರು ತರಿಸಿದ, ಸೋಪು ಹಚ್ಚಿದ. ಎಡಗೈಯಲ್ಲಿ ಗದ್ದ ಹಿಡಿದ. ಈಗ ತಲೆ ಅಲ್ಲಾಡುತ್ತಿರಲಿಲ್ಲ. ಅಪ್ಪನ ಕೈಯೇ ಅಭ್ಯಾಸಬಲದಿಂದ ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿತ್ತು. ನನ್ನ ಕಡೆ ರೇಜರು ಚಾಚಿ, “ಒಂದಕ್ಕ ಇಡವ್ವಾ,” ಎಂದ. ಇನ್ನು ಯಾವ ಅಂಕಿಗೆ ಇಟ್ಟರೂ ನೋಯುವುದಿಲ್ಲ ಎಂದು ನನಗೂ ತಿಳಿಯುತ್ತಿತ್ತು. ಒಂದಕ್ಕೇ ಇಟ್ಟೆ.

ಆಮೇಲೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದರು. ನುಣ್ಣಗಿನ ಮುಖ, ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಭಜನೆಯವರು ಬಂದರು. ಜನ ಸಾಲಾಗಿ ಬಂದು ಮುಖ ನೋಡಿ, ‘ಮುತ್ಯಾ ಚಂದ ಕಾಣ್ತಾನ’ ಎಂದರು. ಆ ಗದ್ದಲದ ನಡುವೆ ಅಕ್ಕ ತಮ್ಮ ಪಿಸುಗುಟ್ಟುತ್ತ ಜಗಳವಾಡಿದರು.

“ನಿನ್ನ ಗುರುತು ಹಿಡದಿರಲಿಲ್ಲ ತಮ್ಮಾ,” ಎಂದಳು ಅತ್ತೆ. “ಅವತ್ತ ಗದ್ದ ಕೊಯ್ದಿ, ಸಿಟ್ಟು ಬಂದಿತ್ತು. ಅದಕ್ಕ ಕಾಳು ಬ್ಯಾಡ ಅಂದ. ರಾತ್ರಿ ಸೈತ ಹನುಮಂತ ಕೊಯ್ದ, ಹನುಮಂತ ಕೊಯ್ದ ಅಂತಿದ್ದ.”

“ಹನುಮಂತಪ್ಪ ಎಷ್ಟು ಸಲ ಕೊಯ್ದಿಲ್ಲ? ಯಾವತ್ತರ ಅವನ ಕಾಳು ತಪ್ಪಿಸಿದ್ನೇನು?” ಎಂದ ಅಪ್ಪ.

ಅತ್ತೆ ತಾತನ ಮಾಲೆ ಸರಿಪಡಿಸಿದಳು. ಅವಳ ಮಾತೂ ನಿಜವಿರಬಹುದು, ಅಪ್ಪನ ಮಾತೂ ನಿಜವಿರಬಹುದು. ಎರಡೂ ನಿಜವಾಗಲು ಮಾತ್ರ ಬರುವುದಿಲ್ಲ. ನಾನು ಅಂದಿನಿಂದ ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಒಮ್ಮೊಮ್ಮೆ ಅಪ್ಪನ ಕಡೆ, ಒಮ್ಮೊಮ್ಮೆ ಅತ್ತೆಯ ಕಡೆ.

ಅತ್ತೆ ನನ್ನನ್ನು ಮುಂದೆ ನೂಕಿದಳು. “ತಾತಗ ಕೈ ಮುಗಿಯವ್ವಾ.” ಕೈ ಮುಗಿದೆ. ಈಗ ತಾತಾ ಅನ್ನಬಹುದಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ಬಾಯಿ ತೆರೆದರೆ ಬಂದದ್ದು, “ಸಾವ್ಕಾರ್ರ.” ಸುತ್ತ ಇದ್ದವರು ನನ್ನ ಮುಖ ನೋಡಿದರು.

ಈಗ ನಮ್ಮ ಮನೆ ಬಳ್ಳಾರಿಯ ಗಾಂಧಿನಗರದಲ್ಲಿ. ಅಪ್ಪ ನಮ್ಮ ಜೊತೆಗೇ ಇದ್ದಾನೆ. ಮಿಲ್ಲಿನ ಸದ್ದಿನಿಂದ ಕಿವಿ ಮಂದ, ಬಿಟ್ಟರೆ ಗಟ್ಟಿಯಾಗಿದ್ದಾನೆ. ಅತ್ತೆ ಹೋದಳು, ಅವ್ವನೂ ಹೋದಳು. ಕುರುಗೋಡಿನ ಮನೆ ಬೇರೆಯವರದಾಯಿತು, ಆ ಹಿತ್ತಲಿನಲ್ಲಿ ಈಗ ಯಾರದೋ ಬೈಕು ನಿಲ್ಲುತ್ತದೆ. ಗಡ್ಡಕ್ಕೆ ನನ್ನ ಗಂಡ ತಂದುಕೊಟ್ಟ ಕರೆಂಟಿನ ಮಶಿನ್ನಿದೆ, ಯಾರೂ ಯಾರ ಗದ್ದವನ್ನೂ ಹಿಡಿಯಬೇಕಾಗಿಲ್ಲ.

ನನ್ನ ಮಗಳು ಸಾಲೆಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ‘ತಾತಾ! ತಾತಾ!’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಅಪ್ಪನಿಗೆ ಮೊದಲ ಎರಡು ಕೂಗು ಕೇಳಿಸುವುದಿಲ್ಲ, ಮೂರನೆಯದಕ್ಕೆ ‘ಓ’ ಎನ್ನುತ್ತಾನೆ. ಹೇಳಲು ನಾಚಿಕೆಯೇಕೆ, ಹೆತ್ತ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನಗೂ ಒಬ್ಬ ತಾತ ಇದ್ದ. ಒಂದು ಚಳಿಗಾಲವಿಡೀ ಕೈಗೆ ಸಿಗುವಷ್ಟು ಹತ್ತಿರ ಕೂತಿದ್ದ. ಒಂದು ಸಲವಾದರೂ ಬಾಯಿತಪ್ಪಿ ತಾತಾ ಎಂದುಬಿಟ್ಟಿದ್ದರೆ ‘ಓ’ ಎನ್ನುತ್ತಿದ್ದನೋ, ‘ಯಾರ ತಾತಲೇ ನಾನು’ ಎನ್ನುತ್ತಿದ್ದನೋ, ನನಗೆ ಗೊತ್ತಿಲ್ಲ.